ಇನ್ನೂ ಒಣಗಬೇಕು

ಪಕ್ಕದ ಮನೆಯ ವಕೀಲರು ತಿಪಟೂರಿನಿಂದ ಬಂದು ಕರಿಕೋಟು ಬಿಚ್ಚಿದ ಕೂಡಲೇ ಅಟ್ಟ ಹತ್ತಿ, ಕೊಬ್ಬರಿಯಾಗಲು ಹಾಕಿದ್ದ ಒಂದು ತೆಂಗಿನಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಕಟಕಟ ಎನ್ನದಿದ್ದರೆ, "ಇನ್ನೂ ಒಣಗಬೇಕು" ಎಂದು ಇಳಿಯುತ್ತಿದ್ದರು.

ಸಂವಿಧಾನಕ್ಕೆ ತಂದ ಒಂದು ತಿದ್ದುಪಡಿ ಸರಿಯಲ್ಲವೆಂದು ದೆಹಲಿಯ ಕೋರ್ಟಿಗೆ ಹೋದವರಲ್ಲಿ ಅವರೂ ಒಬ್ಬರು. ನಾನು ಕೇಳಿಯೇಬಿಟ್ಟೆ.

"ಓಟು ಹಾಕಿ ಗೆಲ್ಸಿದ್ದು ನಾವೇ ಕಣಪ್ಪ. ಅವ್ರು ತಿದ್ದಿದ್ರೆ ಕೋರ್ಟಿಗೇನು?"

"ತಿದ್ಲಿ ಕಣಜ್ಜಿ. ಹೆಂಚು ಬದಲಾಯ್ಸಿ ಅಂತ ಮನೆ ಬಿಟ್ಕೊಟ್ರೆ ತೊಲೆನೇ ಕುಯ್ದವ್ರಾ ಅಂತ ಯಾರಾದ್ರೂ ನೋಡ್ಬೇಕಲ್ವಾ?"

"ಯಾವಾಗ ನೋಡ್ತಾರಂತೆ?"

"ಇನ್ನೂ ಒಣಗಬೇಕು."

"ಅಷ್ಟೊತ್ಗೆ ನೀನೇ ಒಣಗೋಗ್ತೀಯ ಬುಡು" ಎಂದೆ. ಅದಕ್ಕೂ ನಕ್ಕರು.

ವರ್ಷಕ್ಕೊಂದರಂತೆ ಮೂರು ಸಲ ಅವರ ಅಟ್ಟ ತುಂಬಿ ಖಾಲಿಯಾಯಿತು. ತೀರ್ಪು ಬರಲಿಲ್ಲ. ನಾಲ್ಕನೆಯ ಸಲ ಕಾಯಿ ತುಂಬಿಸಿದವರು ಇಳಿಸುವುದಕ್ಕೆ ಇರಲಿಲ್ಲ. ಅವರ ಹೆಂಡತಿಯೂ ನಾನೂ ಇಳಿಸಿದೆವು. ಕಿವಿಗೆ ಹಿಡಿದ ಕಾಯೆಲ್ಲ ಕಟಕಟ ಎಂದವು.

ಆಕೆ ಕೇಸಿನ ಕಾಗದದ ಕಟ್ಟು ಹಿಡಿದು ನಿಂತಿದ್ದಳು.

"ಇದನ್ನೇನ್ ಮಾಡ್ಲಿ ಅಜ್ಜಿ?"

"ಅಟ್ಟದ್ ಮೇಲಿಡು" ಎಂದೆ. "ಇನ್ನೂ ಒಣಗಬೇಕು."