ಗೋಕಾಕಕ್ಕೆ ಹೋಗದ ಡಬ್ಬಿ

ಬೆಳಗ್ಗೆ ಅವ್ವ ರೊಟ್ಟಿ ಡಬ್ಬಿ ಕಟ್ಟಿ ಮುಂಬಾಗಿಲಲ್ಲಿ ನನ್ನ ಕೈಗೆ ಕೊಡುತ್ತಿದ್ದಳು. ನಾನು ಇಸ್ತ್ರಿ ಅಂಗಿ ತೊಟ್ಟು, ನಾಲ್ಕು ಜನ ನೋಡುವಂತೆ ಬಸ್ ನಿಲ್ಲುವ ಕಡೆ ನಡೆಯುತ್ತಿದ್ದೆ. ಹಿಟ್ಟಿನ ಗಿರಣಿ ದಾಟಿದ ಮೇಲೆ ಹೊರಳಿ, ಹೊಲದ ಬದುವಿನ ಮೇಲೆ ಸುತ್ತು ಹೊಡೆದು, ಕುರಿದೊಡ್ಡಿಯ ಪಕ್ಕದಿಂದ ನಮ್ಮದೇ ಹಿತ್ತಲ ಬಾಗಿಲಿಗೆ ಬರುತ್ತಿದ್ದೆ. ಒಳಕೋಣೆಯಲ್ಲಿ ಕಂಪ್ಯೂಟರ್ ಇತ್ತು. ಸಂಜೆಯವರೆಗೆ ಅಲ್ಲೇ ಕೆಲಸ.

ಇದು ಎಷ್ಟು ದಿನ ನಡೆಯಿತು ಎಂದು ಕೇಳಿದರೆ ನಾನು ಇಡೀ ಮಳೆಗಾಲ ಅನ್ನುತ್ತೇನೆ. ತಂಗಿ, ಎರಡು ವಾರವೂ ಇಲ್ಲ ಅನ್ನುತ್ತಾಳೆ. ಇಬ್ಬರನ್ನೂ ಪೂರ್ತಿ ನಂಬಬೇಕಾಗಿಲ್ಲ.

ಗೋಕಾಕದ ಒಂದು ಛಾಪಖಾನೆಯಲ್ಲಿ ಪುಟ ಜೋಡಿಸುವುದು ನನ್ನ ಕೆಲಸ. ಲಗ್ನಪತ್ರಿಕೆ, ಸಾಲೆಯ ಪ್ರಶ್ನೆಪತ್ರಿಕೆ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. ಮಾಲೀಕರು ಅರ್ಧ ಜಾಗ ಬಾಡಿಗೆಗೆ ಕೊಟ್ಟಾಗ ಅಚ್ಚಿನ ಯಂತ್ರ ಅಲ್ಲೇ ಉಳಿಯಿತು, ಕಂಪ್ಯೂಟರ್ ಮನೆಗೆ ಒಯ್ಯಿ ಎಂದರು. ಗಾದಿಯಲ್ಲಿ ಸುತ್ತಿ ಆಟೋದಲ್ಲಿ ನಮ್ಮೂರು ಮಮದಾಪುರಕ್ಕೆ ತಂದೆ.

ಮನೆಯಿಂದ ಕೆಲಸ ಮಾಡುವುದರ ಲಾಭ ಬರೆಯಲು ಕೂತರೆ ಮೊದಲು ನೆನಪಾಗುವುದು ಬಸ್ಸು. ನಿಂತುಕೊಂಡು ಹೋಗುವುದು, ಬರುವುದು ತಪ್ಪಿತು. ಎರಡನೆಯದು ಬಿಸಿ ರೊಟ್ಟಿ ಎಂದು ಬರೆದು ಹೊಡೆದುಹಾಕಿದೆ. ಡಬ್ಬಿಯ ರೊಟ್ಟಿ ಮಧ್ಯಾಹ್ನಕ್ಕೆ ಗೋಕಾಕದಲ್ಲಿ ಹೇಗೆ ಆರುತ್ತಿತ್ತೋ ಮನೆಯಲ್ಲೂ ಹಾಗೇ ಆರುತ್ತಿತ್ತು. ದೊಡ್ಡ ಲಾಭ ತಂಗಿಗೆ ಆಯಿತು. ಪಕ್ಕದಲ್ಲಿ ಕೂತು ನೋಡುತ್ತ ನೋಡುತ್ತ ಕೆಲಸ ಕಲಿತಳು. ಮೊದಲು ಟೈಪು, ಆಮೇಲೆ ಪುಟ. ಅವಳಿಗೆಂದು ಬೇರೆ ಪಗಾರ ಬರತೊಡಗಿತು. ಅವಳನ್ನು ದಿನಾ ಗೋಕಾಕಕ್ಕೆ ಕಳಿಸು ಎಂದಿದ್ದರೆ ನಮ್ಮ ಮನೆಯಲ್ಲಿ ಯಾರೂ ಕಳಿಸುತ್ತಿರಲಿಲ್ಲ, ನಾನೂ ಕಳಿಸುತ್ತಿರಲಿಲ್ಲವೇನೋ.

ಅಪ್ಪ ಹುಡುಗನಿದ್ದಾಗಿನಿಂದ ಕುರಿಗಳ ಹಿಂದೆ ನಡೆದವನು. ದುಡಿಮೆ ಎಂದರೆ ಬೆಳಗಾದ ಮೇಲೆ ಮನೆ ಬಿಡುವುದು. ಹಗಲು ಮನೆಯಲ್ಲಿ ಕೂತ ಗಂಡಸು ಅವನ ಲೆಕ್ಕದಲ್ಲಿ ಜ್ವರ ಬಂದವನು ಇಲ್ಲವೇ ಕೆಲಸ ಹೋದವನು. ಓಣಿಯವರ ಲೆಕ್ಕವೂ ಅದೇ. ಛಾಪಖಾನೆಯಲ್ಲಿ ಏನು ತಪ್ಪಾಯಿತು ಎಂದು ಮೆಲ್ಲಗೆ ವಿಚಾರಿಸಿದರು. ಹೇಗೂ ಖಾಲಿ ಇದ್ದೀಯಲ್ಲ, ಆಡಿಗೆ ಸೂಜಿ ಹಾಕಿಸಲು ಜೊತೆಗೆ ಬಾ ಎಂದೂ ಒಬ್ಬರು ಕರೆದರು.

ಅದೇ ಹೊತ್ತಿಗೆ ಮೂಡಲಗಿಯ ಕಾಕಾ ತಂಗಿಗೆ ಒಂದು ವರ ತಂದ. ಹುಕ್ಕೇರಿ ತಾಲೂಕಿನ ಕಣಗಲಾ ಎಂಬ ಊರಿನ ಮನೆತನ, ನಮ್ಮಂತೆಯೇ ಕುರಿ ಮತ್ತು ಹೊಲ. ಅಣ್ಣನಿಗೆ ಕೆಲಸವಿಲ್ಲ ಎಂಬ ಸುದ್ದಿ ಅಲ್ಲಿಗೆ ಮುಟ್ಟಿದರೆ ಲಗ್ನ ಮುರಿಯುತ್ತದೆ ಎಂದು ಅವ್ವನಿಗೆ ಹೆದರಿಕೆ. ಡಬ್ಬಿಯ ನಾಟಕ ಶುರುವಾದದ್ದು ಹಾಗೆ.

ಹುಡುಗ ತಂಗಿಯ ಮನಸ್ಸಿಗೆ ಬಂದಿದ್ದ. ಅವಳ ಚಿಂತೆ ಬೇರೆ. ಒಂದು ಮಧ್ಯಾಹ್ನ ಪುಟ ತಿದ್ದುತ್ತಲೇ ಹೇಳಿದಳು:

"ನೀ ಮಾಡೂ ಕೆಲಸಾನ ಹಿಂಗ ಮುಚ್ಚಿಟ್ರ, ನಾ ಆ ಮನಿಗೆ ಹೋಗಿ ಇದ ಕೆಲಸ ಮಾಡ್ತೇನಿ ಅಂತ ಹೆಂಗ ಹೇಳ್ಲಿ?"

ನಾನು ಡಬ್ಬಿ ಬಿಚ್ಚಿ ಆರಿದ ರೊಟ್ಟಿ ಮುರಿದೆ.

ಕಣಗಲಾದವರು ಹೇಳದೆ ಬಂದರು. ಕಾಕಾನ ಜೊತೆ ಹುಡುಗನ ಅವ್ವ, ಅಪ್ಪ. ನಮ್ಮ ಅವ್ವ ಲಗುಬಗೆಯಿಂದ ಡಬ್ಬಿಯನ್ನು ನನ್ನ ಕೈಗೆ ತುರುಕಿ, ಮಗ ಗೋಕಾಕಕ್ಕೆ ಕೆಲಸಕ್ಕೆ ಹೊರಟಿದ್ದಾನೆ ಎಂದಳು. ನಾನು ಕೈ ಮುಗಿದು ಹೊರಟೆ. ಗಿರಣಿ, ಬದು, ಕುರಿದೊಡ್ಡಿ. ಒಳಕೋಣೆಯ ಕಿಟಕಿಯ ಕೆಳಗೆ ನಿಂತೆ. ಆದ್ದರಿಂದ ಮುಂದಿನದ್ದೆಲ್ಲ ಕೇಳಿಸಿಕೊಂಡದ್ದು, ನೋಡಿದ್ದಲ್ಲ.

ಚಹಾ ಆಯಿತು. ಹುಡುಗನ ಅವ್ವ, ನಿಮ್ಮ ಹುಡುಗ ಸಂಜೆ ಎಷ್ಟಕ್ಕೆ ಬರುತ್ತಾನೆ ಎಂದು ಕೇಳಿದಳು. ಅವ್ವ ಏನೋ ಹೇಳಹೊರಟಳು. ಅಷ್ಟರಲ್ಲಿ ತಂಗಿಯ ದನಿ.

"ಅಣ್ಣ ಗೋಕಾಕಕ್ಕ ಹೋಗಾಂಗಿಲ್ರಿ. ಮನ್ಯಾಗ ಕುಂತ ದುಡೀತಾನ. ನಾನೂ ಅವನ ಬಾಜೂಕ ಕುಂತ ಅದನ್ನ ಮಾಡಾಕತ್ತೇನಿ. ಲಗ್ನ ಆದ ಮ್ಯಾಲೂ ಬಿಡಾಂಗಿಲ್ರಿ."

ಕಾಕಾ ಕೆಮ್ಮಿದ. ಆಮೇಲೆ ಆ ಹೆಂಗಸು, ಅದೇನು ತೋರಿಸು ಎಂದು ಎದ್ದಳು. ಹೆಜ್ಜೆಗಳು ಒಳಕೋಣೆಗೆ ಬಂದವು. ನಾನು ಗೋಡೆಗೆ ಒತ್ತಿ ಕುಕ್ಕರಗಾಲಲ್ಲಿ ಕೂತೆ.

"ಕರೆಂಟ್ ಹೋದ್ರ ಏನ್ ಮಾಡ್ತಿ?"

"ಸುಮ್ನ ಕುಂಡ್ರತೇನ್ರಿ."

"ಹಂಗಾರ ನಮ್ಮ ಎಮ್ಮಿ ಹಿಂಡಾಕ ಕರೆಂಟ್ ಹೋಗೂತನಕ ಹಾದಿ ಕಾಯಬೇಕಾತು."

ತಂಗಿ ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ. ಹೆಂಗಸು ಕೋಣೆಯಲ್ಲಿ ಓಡಾಡಿದಳು. ಕುರ್ಚಿ ಜರುಗಿದ ಸದ್ದು.

"ನಮ್ಮ ನಡುಮನಿ ಕತ್ತಲ ಐತಿ. ಪಡಸಾಲ್ಯಾಗ ಇಟ್ರ ಬೆಳಕ ಬರತೈತಿ. ಇಲ್ಲಿ ಕಿಟಕಿ ಯಾ ಕಡೆ ಐತಿ ನೋಡೂಣು."

ಕಿಟಕಿ ತೆರೆಯಿತು. ಆಕೆ ಕೆಳಗೆ ನೋಡಿದಳು. ನಾನು, ಡಬ್ಬಿ, ಹಿಂದೆ ಎರಡು ಕುರಿಮರಿ.

"ಇಷ್ಟ ಲಗೂ ಗೋಕಾಕ ಮುಟ್ಟಿದೇನಪಾ?"

ತಂಗಿ ಈಗ ಕಣಗಲಾದ ಪಡಸಾಲೆಯಿಂದ ಪುಟ ಕಳಿಸುತ್ತಾಳೆ. ಈ ಬರಹವನ್ನು ಜೋಡಿಸಿದವಳೂ ಅವಳೇ. ಕಿಟಕಿಯ ಭಾಗ ಸುಳ್ಳು, ಅತ್ತೆ ಹಿತ್ತಲ ಬಾಗಿಲಿಗೆ ಬಂದು ನೋಡಿದ್ದು ಎಂದು ಹೇಳಿ ಕಳಿಸಿದ್ದಾಳೆ. ನನಗೆ ಕಿಟಕಿಯೇ ನೆನಪಿದೆ. ಡಬ್ಬಿಯ ವಿಷಯದಲ್ಲಿ ಅವಳ ತಕರಾರಿಲ್ಲ.