ಅತ್ತಿಯ ಒಂಬತ್ತು ದಾರಗಳು

ಇವತ್ತು ಬೆಳಿಗ್ಗೆ ಕಿರಾಣಿ ಅಂಗಡಿಯಲ್ಲಿ ತಲೆಯೆತ್ತಿದೆ ನೋಡಿ, ತೂಗುಬಿಟ್ಟಿದ್ದ ಚಹಾ ಸೋಸುವ ಜಾಲರಿ ಹಣೆಗೆ ಬಡಿಯಿತು. ಉರಿ ಹಣೆಯಲ್ಲಿ, ನೆನಪು ಮಾತ್ರ ಅಫಜಲಪುರದ ನಮ್ಮ ಸೋದರತ್ತಿಯ ಅಂಗಡಿಯಲ್ಲಿ!

ಅಲ್ಲಿ ಏನೇನಿತ್ತು ಎಂದು ಕೇಳಬೇಡಿ. ಏನಿರಲಿಲ್ಲ ಎಂದರೆ ಬೇಗ ಮುಗಿಯುತ್ತದೆ: ಆನೆ, ಮತ್ತು ಕೂರಲು ಜಾಗ. ಅತ್ತಿ ಓದು ಬರಹ ಬಾರದವಳು. ಯಾವುದೇ ಸಾಮಾನು ತೀರುತ್ತ ಬಂದರೆ ಕೊನೆಯದೊಂದನ್ನು ದಾರಕ್ಕೆ ಕಟ್ಟಿ ಜಂತಿಗೆ ತೂಗುಬಿಡುತ್ತಿದ್ದಳು. ತಿಂಗಳಿಗೊಮ್ಮೆ ಅವನ್ನೆಲ್ಲ ಬಿಚ್ಚಿ ಚೀಲಕ್ಕೆ ತುಂಬಿ, ಸೊಲ್ಲಾಪುರದ ವ್ಯಾಪಾರಿಯ ಮುಂದೆ ಸುರಿದು, "ಇಂಥಾವು ಕೊಡ್ರಿ" ಎನ್ನುವಳು. ಅವಳ ಯಾದಿ, ಅಂದರೆ ಸಾಮಾನಿನ ಪಟ್ಟಿ, ಅದೇ.

ನಾನೋ, ಪಿಯುಸಿಯಲ್ಲಿ ಎರಡನೆಯ ಸಲ ಡುಮ್ಕಿ ಹೊಡೆದು, ಊರವರ ದನಿ ಅಣಕಿಸುವ ಏಕೈಕ ವಿದ್ಯೆಯೊಂದಿಗೆ ಅವಳ ಮನೆ ಸೇರಿದ್ದೆ. ಅತ್ತಿ ಗಾಣಗಾಪುರಕ್ಕೆ ಹೋದ ದಿನ ಅಂಗಡಿ ನನ್ನದು. "ತೂಗುಬಿಟ್ಟಿದ್ದು ಮಾರಬ್ಯಾಡಲೇ" ಎಂದೇ ಹೋಗಿದ್ದಳು. ಆದರೆ ಕಣ್ಣೆದುರೇ ನೇತಾಡುವುದನ್ನು ಗಿರಾಕಿಗೆ ಇಲ್ಲವೆನ್ನುವುದು ಹೇಗೆ? ಬಿಚ್ಚಿ ಬಿಚ್ಚಿ ಕೊಟ್ಟೆ.

ಸಂಜೆ ಬಂದ ಅತ್ತಿ ಜಂತಿ ನೋಡಿದಳು. ಒಂಬತ್ತು ಬರೀ ದಾರ.

"ಎಲಾ ಮೂಳಾ, ನನ್ನ ಯಾದೀನ ಮಾರಿಬಿಟ್ಟೀ! ಮುಂಜಾನೆ ಸೊಲ್ಲಾಪುರದಾಗ ಏನಂತ ಕೇಳ್ಲಿ? ಎದುರಿನ ಅಂಗಡ್ಯಾಂವಗ ನನ್ನ ಗಿರಾಕಿ ಪುಕ್ಕಟ್ ಕೊಡ್ಲೇನು?"

ಕೊಟ್ಟ ಸಾಮಾನು ಒಂದೂ ನೆನಪಿಲ್ಲ. ಆದರೆ ಕೇಳಿದವರ ದನಿ? ಎದ್ದು ನಿಂತೆ. ಹೊಟ್ಟೆ ಮುಂದೆ ತಂದು ಸೊನ್ನದ ಗೌಡನಾದೆ: "ಏ ತಮ್ಮಾ, ಲಾಟೀನಿನ ಗಾಜು ಅದ ಏನು? ಹ್ಞಾಂ?"

"ಗಾಜು!" ಅತ್ತಿ ಒಂದು ಬೆರಳು ಮಡಚಿದಳು.

ಬೊಚ್ಚುಬಾಯಿಯ ಮುದುಕಿಯಾದೆ: "ಸ್ಟೋವಿಗಿ ಚುಚ್ಚೂದು ಕೊಡೋ ನಮ್ಮಪ್ಪಾ."

"ಪಿನ್ನು!"

ಮಾಸ್ತರರು, ಹೊಸ ಸೊಸೆ, ಸದಾ ಸೀನುವ ಟಪಾಲಿನವರು, ಎಲ್ಲರೂ ನನ್ನ ಗಂಟಲಿಗೆ ಬಂದು ತಮ್ಮ ತಮ್ಮ ಸಾಮಾನು ಕೇಳಿ ಹೋದರು. ಬಾಗಿಲಲ್ಲಿ ಓಣಿಗೆ ಓಣಿಯೇ ನೆರೆದು ಕೇಕೆ ಹಾಕುತ್ತಿತ್ತು. ಎಂಟು ಬೆರಳು ಮಡಚಿದವು.

"ಇನ್ನೊಂದು?"

"ಇನ್ಯಾರೂ ಬಂದಿಲ್ಲತ್ತಿ, ಆಣಿ ಮಾಡಿ ಹೇಳ್ತೇನಿ."

ಅತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಸೆರಗು ಸಿಕ್ಕಿಸಿ, ಇಲ್ಲದ ಕಾಲರು ಎತ್ತಿ, ಇಲ್ಲದ ಕ್ರಾಪು ತೀಡಿ, ಕೀರಲು ದನಿ ತೆಗೆದಳು: "ಎಲ್ಲಾರ ನಕಲಾ ನಾ ಮಾಡ್ತೇನಿ ಅತ್ತೀ, ನನ್ನ ನಕಲಾ ಯಾರಿಗೂ ಬರಂಗಿಲ್ಲ!"

ಓಣಿ ಬಿದ್ದು ಬಿದ್ದು ನಕ್ಕಿತು. ನನ್ನ ಕೈ ತಾನಾಗಿ ಹಿಂದಿನ ಜೇಬಿಗೆ ಹೋಯಿತು. ಹೊಚ್ಚ ಹೊಸ ಬಾಚಣಿಗೆ! ಮಧ್ಯಾಹ್ನ ಜಂತಿಯಿಂದ ನಾನೇ ಬಿಚ್ಚಿಕೊಂಡಿದ್ದೆ.

ಮರುದಿನ ಆ ಬಾಚಣಿಗೆಯೊಂದನ್ನೇ ಚೀಲದಲ್ಲಿಟ್ಟುಕೊಂಡು ಹೋದ ಅತ್ತಿ ಒಂಬತ್ತೂ ಸಾಮಾನು ತಂದಳು. ಉಳಿದ ಎಂಟನ್ನು ಗೌಡನಾಗಿ, ಮುದುಕಿಯಾಗಿ, ಸೀನಿ ಸೀನಿ ಕೇಳಿದಳಂತೆ.

"ಏನ್ ಕೊಡ್ಲಿರಿ?" ಇವತ್ತಿನ ಅಂಗಡಿಯವ ಕೇಳಿದ. ಚಾಳಿಯಂತೆ ಅವನದೇ ದನಿಯಲ್ಲಿ ಉತ್ತರಿಸಲು ಬಾಯಿ ತೆರೆದೆ. ಹೊರಬಿದ್ದದ್ದು ಅತ್ತಿ ತೆಗೆದ ಆ ಕೀರಲು ದನಿ. ಅಯ್ಯೋ ಶಿವನೇ, ಥೇಟ್ ನಾನೇ!