ಚಾಪೆ ಹಾಸುತ್ತಿದ್ದವರು

ನಮ್ಮ ಪಕ್ಷದ ಕಚೇರಿಯಲ್ಲಿ ಚಾಪೆ ಹಾಸುತ್ತಿದ್ದ ಮುದುಕರಿಗೆ ಬಾಗಿಲಲ್ಲಿ ಹೇಳಲು ಒಂದೇ ಮಾತು: "ಚಪ್ಪಲಿ ಹೊರಗೆ." ಅಧ್ಯಕ್ಷರೂ ಬಾಗಿ ತೆಗೆಯಬೇಕಿತ್ತು. ಆ ಅಧ್ಯಕ್ಷರೆಂದರೆ ಅವರಿಗೆ ಪ್ರಾಣ. ಜೈಲಿನಲ್ಲೂ ಅಧ್ಯಕ್ಷರಿಗೆ ಚಾಪೆ ಹಾಸಿದವರಂತೆ.

ಅಧ್ಯಕ್ಷರು ಇಳಿಯಬೇಕೆಂದು ಠರಾವು ಬರೆದವನು ನಾನು. ಕಾಲೇಜು ಮುಗಿಸಿದ ಹುಮ್ಮಸ್ಸು. ಮಧ್ಯಾಹ್ನದ ಸಭೆಗೆ ಮೊದಲೇ ಅಧ್ಯಕ್ಷರ ಕಡೆಯ ಏಳೆಂಟು ಮಂದಿ ದೊಣ್ಣೆ ಹಿಡಿದು ಅಂಗಳಕ್ಕೆ ನುಗ್ಗಿದರು. "ಎಲ್ಲಿದ್ದಾನೆ ಆ ಬಿ.ಎ. ಪಾಸು?" ಒಳಗೆ ನಾನೊಬ್ಬನೇ. ಠರಾವಿನ ಕಾಗದವನ್ನು ಮಡಚಿ ಜೇಬಿಗೆ ತುರುಕಿದೆ.

ಮುದುಕರು ಹೊಸಿಲಲ್ಲಿ ನಿಂತು ಎಂದಿನ ದನಿಯಲ್ಲೇ, "ಎಂತ ಮಾರಾಯ್ರೆ, ಚಾಪೆ ಹಾಸಿ ಉಂಟು. ಚಪ್ಪಲಿ ಹೊರಗೆ," ಎಂದರು. ಅಭ್ಯಾಸಬಲದಿಂದ ಅಷ್ಟೂ ಮಂದಿ ದೊಣ್ಣೆಯನ್ನು ಗೋಡೆಗೊರಗಿಸಿ ಬಾಗಿದರು. ಅವರು ತಲೆ ಎತ್ತುವಷ್ಟರಲ್ಲಿ ಮುದುಕರು ಒಳಗೆ ಬಂದು ನನ್ನನ್ನು ಹಿಂಬಾಗಿಲಿನಿಂದ ಹೊರಗೆ ತಳ್ಳಿದ್ದರು. ಜೆಪ್ಪುವಿನಲ್ಲಿದ್ದ ನನ್ನ ಮನೆಯವರೆಗೆ ಬರಿಗಾಲಲ್ಲಿ ಓಡಿದೆ.

ಮರುದಿನ ಬೆಳಿಗ್ಗೆ ಮುದುಕರು ನನ್ನ ಚಪ್ಪಲಿ ಹಿಡಿದು ಬಂದರು. ನಾನು ಕೈಮುಗಿದೆ.

"ಅದೆಲ್ಲ ಬೇಡ. ಸಭೆಯಲ್ಲಿ ನಾನು ಕೈ ಎತ್ತುವುದು ಅಧ್ಯಕ್ಷರ ಪರವೇ."

ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಜೋಡಿಸಿಟ್ಟು ಹೊರಟವರು ತಿರುಗಿ ನೋಡಿದರು.

"ಸಭೆ ನಾಳೆಗೆ ಹೋಗಿದೆ. ನೀವು ಬರಬೇಕು. ಚಾಪೆ ಹಾಸಿರ್ತೇನೆ."